ಕತ್ತಲೆಯ ಮನೆಯ ಮುತ್ತು: ತಿಮೊಥೆಯ-ಮಹದೀ ಸಂವಾದದ ವಿಮರ್ಶೆ

೧

ಪರಸ್ಪರ ಗೌರವವೆಂಬ ಮಾತು ಎಲ್ಲ ಮತಗಳವರ ಬಾಯಲ್ಲಿಯೂ ಉಂಟು. ಆದರೆ ಆ ಗೌರವದ ಲಕ್ಷಣವೇನೆಂದು ವಿಚಾರಿಸಿದವರು ವಿರಳ. ಭೇದಗಳನ್ನೆಲ್ಲ ಮರೆಯಿಸಿ ಎಲ್ಲವೂ ಒಂದೇ ಎಂದುಬಿಡುವುದೇ ಗೌರವವೆಂಬುದು ಒಂದು ಪಕ್ಷ. ಭೇದವು ನಿಜವಾಗಿರುವಲ್ಲಿ ಗೌರವವು ಬರಿಯ ಉಪಚಾರೋಕ್ತಿಯೇ ಹೊರತು ಬೇರೆಯಲ್ಲವೆಂಬುದು ಮತ್ತೊಂದು ಪಕ್ಷ. ಮೊದಲನೆಯದರಿಂದ ಸತ್ಯದ ಮೇಲಣ ಶ್ರದ್ಧೆಗೆ ಹಾನಿ. ಎರಡನೆಯದರಿಂದ ಮನುಷ್ಯನ ಮೇಲಣ ವಿಶ್ವಾಸಕ್ಕೆ ಹಾನಿ. ಈ ಎರಡರಲ್ಲಿಯೂ ಸೇರದ ಮೂರನೆಯ ಮಾರ್ಗವೊಂದು ಉಂಟೆಂಬುದಕ್ಕೆ ಸಾಕ್ಷಿಯಾಗಿ, ಕ್ರೈಸ್ತರಿಗೂ ಮುಸಲ್ಮಾನರಿಗೂ ಸಂಬಂಧಪಟ್ಟ ಪ್ರಾಚೀನ ಕೃತಿಯೊಂದನ್ನು ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದೆ. ಅಬ್ಬಾಸೀ ವಂಶದ ಖಲೀಫನಾದ ಮಹದಿಗೂ, ಪೌರಸ್ತ್ಯ ಕ್ರೈಸ್ತಸಭೆಯ ಪರಮಾಚಾರ್ಯನಾದ ಮೊದಲನೆಯ ತಿಮೊಥೆಯನಿಗೂ ನಡೆದ ಸಂವಾದವೇ ಆ ಕೃತಿ.

ಈ ಸಂವಾದವು ಮತೇತಿಹಾಸದ ಆಕರವೆಂದು ಸುಪ್ರಸಿದ್ಧವಾಗಿದೆ. ಪ್ರಕೃತ ಲೇಖನದ ಉದ್ದೇಶವು ಬೇರೆ. ಇದನ್ನು ಒಂದು ವಾಙ್ಮಯಕೃತಿಯಾಗಿ ಗ್ರಹಿಸಿ, ನಮ್ಮ ಶಾಸ್ತ್ರಕಾರರು ಹೇಳಿದ ವಾದಲಕ್ಷಣದ ಒರೆಗಲ್ಲಿಗೆ ತಿಕ್ಕಿ, ಇದರ ಗುಣವೆಷ್ಟು ದೋಷವೆಷ್ಟು ಎಂದು ನಿಷ್ಕರ್ಷಿಸುವುದೇ ಇಲ್ಲಿಯ ಪ್ರಯತ್ನ. ಅನ್ಯದೇಶದ ಕೃತಿಗೆ ನಮ್ಮ ಲಕ್ಷಣವನ್ನು ಅನ್ವಯಿಸುವುದು ಸರಿಯೇ ಎಂಬ ಶಂಕೆ ಬರಬಹುದು. ತರ್ಕವು ಯಾವ ಒಂದು ಜನಾಂಗದ ಸೊತ್ತೂ ಅಲ್ಲವಾದ್ದರಿಂದ ಆ ಶಂಕೆಗೆ ಅವಕಾಶವಿಲ್ಲ. ಈ ಅನ್ವಯದಿಂದ ಕೃತಿಯಲ್ಲಿ ಹುದುಗಿರುವ ಸಂಗತಿಯೊಂದು ಸ್ಪಷ್ಟವಾಗುವುದೋ ಇಲ್ಲವೋ ಎಂಬುದನ್ನಷ್ಟೇ ವಾಚಕರು ನೋಡಬೇಕಾಗಿದೆ.

೨

ಮೊದಲು ಕೃತಿಯ ವೃತ್ತಾಂತ. ಮಹದಿಯು ಕ್ರಿ. ಶ. ೭೭೫ರಿಂದ ೭೮೫ರ ವರೆಗೆ ಖಲೀಫನಾಗಿದ್ದನು. ತಿಮೊಥೆಯನು ೭೮೦ರಲ್ಲಿ ಕಥೋಲಿಕೋಸ್ ಎಂಬ ಪರಮಾಚಾರ್ಯಪದವಿಗೆ ಬಂದು ೮೨೩ರಲ್ಲಿ ಮೃತನಾಗುವವರೆಗೂ, ಎಂದರೆ ಐವರು ಖಲೀಫರ ಕಾಲದಲ್ಲಿ, ಆ ಪೀಠದಲ್ಲಿದ್ದನು. ಜನಸಾಮಾನ್ಯರು ನೆಸ್ತೋರಿಯನ್ ಎಂದು ಕರೆಯುವ ಸಭೆಯೇ ಇದು. ಪೂರ್ವದಲ್ಲಿ ಇದರ ಪೀಠವು ಸೆಲ್ಯೂಷಿಯ-ತೆಸಿಫೋನ್ ನಗರದಲ್ಲಿದ್ದಿತು. ಅದು ಬಾಗ್ದಾದಿಗೆ ಬಂದದ್ದು ತಿಮೊಥೆಯನ ಕಾಲದಲ್ಲಿ. ಆಚಾರ್ಯನಾದವನು ಖಲೀಫನ ಆಸ್ಥಾನಕ್ಕೆ ಆಗಾಗ ಹೋಗಿಬರುವುದು ಆಗ ವಾಡಿಕೆಯಾಗಿತ್ತು.

ಹಾಗೆ ಹೋಗಿದ್ದಾಗ, ೭೮೧-೭೮೨ರ ಸುಮಾರಿಗೆ, ಎರಡು ದಿನ ನಡೆದ ಪ್ರಶ್ನೋತ್ತರಗಳನ್ನು ತಿಮೊಥೆಯನು ಸೆರ್ಗಿಯಸ್ ಎಂಬ ತನ್ನ ಸ್ವಮತೀಯ ಮಿತ್ರನಿಗೆ ಪತ್ರರೂಪವಾಗಿ ಸಿರಿಯಾಕ್ ಭಾಷೆಯಲ್ಲಿ ಬರೆದು ಕಳುಹಿಸಿದನು. ಉಪಲಬ್ಧವಾಗಿರುವ ಅವನ ಪತ್ರಸಮುಚ್ಚಯದಲ್ಲಿ ಇದು ೫೯ನೆಯದು. ಸಿರಿಯಾಕ್ ಮೂಲವನ್ನು ಇಂಗ್ಲಿಷ್ ಭಾಷಾಂತರದೊಡನೆ ಆಲ್ಫೋನ್ಸ್ ಮಿಂಗಾನಾ ಎಂಬ ವಿದ್ವಾಂಸನು ೧೯೨೮ರಲ್ಲಿ ಪ್ರಕಟಿಸಿದನು. ಅರಬ್ಬೀ ರೂಪಾಂತರಗಳೂ ಉಂಟು. ಹಸ್ತಪ್ರತಿಗಳನ್ನು ಸಂವಾದಿಸಿ ಮಾರ್ಟಿನ್ ಹೈಮ್‌ಗಾರ್ಟ್ನರ್ ಎಂಬವರು ಸಿದ್ಧಪಡಿಸಿದ ಪರಿಷ್ಕೃತ ಆವೃತ್ತಿಯು ೨೦೧೧ರಲ್ಲಿ ಹೊರಬಂದಿತು.

ಸಂವಾದದ ಉಪಕ್ರಮವೇ ಗಮನಾರ್ಹವಾಗಿದೆ. ಆಚಾರ್ಯನು ರೂಢಿಯಂತೆ ಆಶೀರ್ವಚನಪೂರ್ವಕವಾಗಿ ದೇವರ ಸ್ವರೂಪವನ್ನು ವರ್ಣಿಸುತ್ತಿರಲು, ಖಲೀಫನು ನಡುವೆ ತಡೆದು, ದೇವರನ್ನು ಕುರಿತು ಇಷ್ಟು ತಿಳಿದವನಾದ ನೀನು ಅವನು ಸ್ತ್ರೀಯನ್ನು ಪರಿಗ್ರಹಿಸಿ ಮಗನನ್ನು ಪಡೆದನೆಂದು ಹೇಗೆ ಹೇಳುವೆ ಎಂದು ಆಕ್ಷೇಪಿಸುತ್ತಾನೆ. ತಿಮೊಥೆಯನು ಕೂಡಲೇ ತನ್ನ ಪಕ್ಷವನ್ನು ಸ್ಥಾಪಿಸಲು ಹೊರಡುವುದಿಲ್ಲ. ಹಾಗೆ ಹೇಳುವುದು ದೈವನಿಂದೆಯೇ ಸರಿ, ಹೇಳಿದವರಾರು ಎಂದು ಎದುರಾಳಿಯ ನಿಷೇಧವನ್ನೇ ತಾನೂ ಅಂಗೀಕರಿಸುತ್ತಾನೆ. ಸೂರ್ಯನಿಂದ ಪ್ರಭೆಯೂ ಆತ್ಮದಿಂದ ವಚನವೂ ಹೇಗೆ ಸ್ತ್ರೀಪುರುಷಸಂಬಂಧವಿಲ್ಲದೆಯೇ ಹುಟ್ಟುವುವೋ ಹಾಗೆಂದು ವಿವರಿಸುವುದು ಆಮೇಲೆ. ಇಬ್ಬರಿಗೂ ಸಮ್ಮತವಾದ ನೆಲವನ್ನು ಮೊದಲು ಕಂಡುಕೊಂಡು ಅನಂತರ ವಿವಾದಕ್ಕೆ ತೊಡಗುವ ಈ ಕ್ರಮವು ಗ್ರಂಥದಲ್ಲಿ ಮತ್ತೆ ಮತ್ತೆ ಕಾಣಬರುತ್ತದೆ.

೩

ನ್ಯಾಯಶಾಸ್ತ್ರದಲ್ಲಿ ಕಥೆಯೆಂದರೆ ವಿಚಾರಗೋಷ್ಠಿ. ಅದು ವಾದ, ಜಲ್ಪ, ವಿತಂಡಾ ಎಂದು ಮೂರು ಬಗೆ. ಪ್ರಮಾಣತರ್ಕಗಳನ್ನು ಮುಂದಿಟ್ಟುಕೊಂಡು, ತಂತಮ್ಮ ಸಿದ್ಧಾಂತಕ್ಕೆ ವಿರೋಧ ಬಾರದಂತೆ, ತತ್ತ್ವನಿರ್ಣಯಕ್ಕಾಗಿ ನಡೆಸುವುದು ವಾದ. ಛಲ ಜಾತಿ ನಿಗ್ರಹಸ್ಥಾನಗಳನ್ನು ಪ್ರಯೋಗಿಸಿಯಾದರೂ ಗೆಲ್ಲಬೇಕೆಂದು ಹೂಡುವುದು ಜಲ್ಪ. ಸ್ವಪಕ್ಷಸ್ಥಾಪನೆಯಿಲ್ಲದೆ ಪರಪಕ್ಷಖಂಡನದಲ್ಲಿಯೇ ಮುಗಿಯುವುದು ವಿತಂಡಾ. ಮೊಳಕೆಯನ್ನು ಕಾಪಾಡಲು ಮುಳ್ಳಿನ ಬೇಲಿ ಬೇಕಾಗುವಂತೆ ತತ್ತ್ವರಕ್ಷಣೆಗೆ ಕೊನೆಯ ಎರಡೂ ಒಮ್ಮೊಮ್ಮೆ ಬೇಕಾದಾವೆಂದು ಶಾಸ್ತ್ರವು ಒಪ್ಪುತ್ತದೆ. ಆದರೂ ಬೇಲಿಯು ಬೆಳೆಯಲ್ಲವಷ್ಟೆ. ವೈದ್ಯಶಾಸ್ತ್ರಕಾರನಾದ ಚರಕನು ಇದನ್ನೇ ಸಂಧಾಯ ಸಂಭಾಷೆ, ವಿಗೃಹ್ಯ ಸಂಭಾಷೆ ಎಂದು ಇಬ್ಬಗೆಯಾಗಿ ವಿಂಗಡಿಸಿ, ಕೋಪಿಸದವನೂ ಅಸೂಯೆಯಿಲ್ಲದವನೂ ಆದ ವಿದ್ವಾಂಸನೊಡನೆಯೇ ಮೊದಲನೆಯದನ್ನು ನಡೆಸಬೇಕೆಂದು ವಿಧಿಸಿದ್ದಾನೆ.

ಪ್ರಕೃತ ಕೃತಿಯನ್ನು ಇವುಗಳಲ್ಲಿ ಯಾವುದಕ್ಕೆ ಸೇರಿಸಬೇಕು? ಇಲ್ಲಿ ಮೊದಲ ತೊಡಕು ಏನೆಂದರೆ, ಇಬ್ಬರ ಮಾತೂ ನಮಗೆ ದೊರೆಯುವುದು ಒಬ್ಬನ ಲೇಖನಿಯಿಂದ. ಖಲೀಫನು ತನ್ನ ಪಕ್ಷವನ್ನು ತಾನೇ ಬರೆದಿಲ್ಲ. ಇಂತಹ ಏಕಕರ್ತೃಕ ಸಂವಾದಗಳಲ್ಲಿ ಪೂರ್ವಪಕ್ಷವನ್ನು ಹುಲ್ಲಿನ ಬೊಂಬೆಯಂತೆ ನಿಲ್ಲಿಸಿ ಕೆಡಹುವುದು ಎಲ್ಲ ದೇಶಗಳಲ್ಲಿಯೂ ಕಂಡ ಸಂಗತಿ. ಆದಕಾರಣ ಗ್ರಂಥಕರ್ತನ ಗೌರವಬುದ್ಧಿಯನ್ನು ಅಳೆಯಲು, ಅವನು ಎದುರಾಳಿಯನ್ನು ಹೊಗಳಿದನೋ ಇಲ್ಲವೋ ಎಂಬುದಕ್ಕಿಂತ, ಎದುರಾಳಿಯ ಆಕ್ಷೇಪಕ್ಕೆ ಎಷ್ಟು ಬಲವನ್ನು ಉಳಿಸಿಕೊಟ್ಟನೆಂಬುದೇ ನಂಬತಕ್ಕ ಅಳತೆಗೋಲು.

ಈ ಅಳತೆಯಲ್ಲಿ ತಿಮೊಥೆಯನು ಬಹುಮಟ್ಟಿಗೆ ತೇರ್ಗಡೆಯಾಗುತ್ತಾನೆ. ಅವನು ಚಿತ್ರಿಸಿದ ಮಹದಿಯು ಮಂದಮತಿಯಲ್ಲ. ಕ್ರಿಸ್ತನು ಪ್ರಾರ್ಥಿಸಿದನೆಂದಮೇಲೆ ಅವನು ದೇವರಾಗುವುದೆಂತು, ಅವನಿಗೆ ಸುನ್ನತಿಯಾಗಿದ್ದಿತಲ್ಲಾ ನೀವೇಕೆ ಅದನ್ನು ಬಿಟ್ಟಿರಿ, ಅವನು ಯೆರೂಸಲೇಮಿನ ಕಡೆಗೆ ತಿರುಗಿ ಪ್ರಾರ್ಥಿಸುತ್ತಿದ್ದರೆ ನೀವು ಪೂರ್ವಾಭಿಮುಖರಾಗುವುದೇಕೆ ಎಂದು ಆತನು ಕೇಳುವ ಪ್ರಶ್ನೆಗಳು ಕ್ರೈಸ್ತರ ಆಚಾರವನ್ನೇ ಅವರ ಗುರುವಿನ ಆಚಾರದೊಡನೆ ಹೋಲಿಸಿ ಎತ್ತಿದ ಚುರುಕು ಆಕ್ಷೇಪಗಳು. ಸೂರ್ಯಪ್ರಭೆಯೇ ಮುಂತಾದ ಉಪಮಾನಗಳಿಗೂ ಅವನು ಸುಮ್ಮನೆ ತಲೆಯಾಡಿಸುವುದಿಲ್ಲ. ಸೃಷ್ಟವಸ್ತುವಿನ ದೃಷ್ಟಾಂತವು ಸ್ರಷ್ಟೃವಿಗೆ ಎಲ್ಲ ಅಂಶಗಳಲ್ಲಿಯೂ ಹೊಂದದೆಂದು ತಡೆಯುತ್ತಾನೆ. ಆಗ ಆಚಾರ್ಯನು ದೃಷ್ಟಾಂತಕ್ಕೆ ಮಿತಿಯುಂಟೆಂದು ಒಪ್ಪಿಕೊಳ್ಳುತ್ತಾನೆ. ತನ್ನ ವಾಚಕರೆಲ್ಲರೂ ತನ್ನ ಮತದವರೇ ಎಂದು ತಿಳಿದೂ ಈ ಒಪ್ಪಿಗೆಯನ್ನು ಅಳಿಸದೆ ಉಳಿಸಿರುವುದು ಸಣ್ಣ ಪ್ರಾಮಾಣಿಕತೆಯಲ್ಲ.

೪

ಪ್ರಮಾಣಪ್ರಯೋಗದ ವಿಷಯ ಇನ್ನೂ ಕುತೂಹಲಕರವಾಗಿದೆ. ಸರ್ವತಂತ್ರಸಿದ್ಧಾಂತ, ಪ್ರತಿತಂತ್ರಸಿದ್ಧಾಂತ ಎಂಬ ಭೇದವು ನೈಯಾಯಿಕರಿಗೆ ಪರಿಚಿತವೇ ಆಗಿದೆ. ಮೊದಲನೆಯದು ಎಲ್ಲರಿಗೂ ಸಮ್ಮತವಾದದ್ದು, ಎರಡನೆಯದು ಆಯಾ ಶಾಸ್ತ್ರದವರಿಗೆ ಮಾತ್ರ ಸಮ್ಮತವಾದದ್ದು. ಎದುರಾಳಿಯ ಪ್ರತಿತಂತ್ರಸಿದ್ಧಾಂತದಿಂದಲೇ ಅವನಿಗೆ ಸಮಾಧಾನ ಹೇಳಬೇಕಾದರೆ ಅವನ ಶಾಸ್ತ್ರವನ್ನು ಓದಿರಬೇಕು. ತಿಮೊಥೆಯನು ಕುರಾನನ್ನು ಬಲ್ಲವನು. ಯೇಸುವು ಶಿಲುಬೆಯ ಮೇಲೆ ಸಾಯಲಿಲ್ಲವೆಂದು ಖಲೀಫನು ಕುರಾನಿನ ಪ್ರಮಾಣವನ್ನು ಹಿಡಿದಾಗ, ಯೇಸುವಿನ ಮರಣವನ್ನು ಸೂಚಿಸುವ ಬೇರೆ ವಾಕ್ಯಗಳನ್ನು ಅದೇ ಗ್ರಂಥದಿಂದ ಎತ್ತಿ ತೋರಿಸುತ್ತಾನೆ. ಆ ವಾಕ್ಯಗಳಿಗೆ ಮುಸಲ್ಮಾನ ವ್ಯಾಖ್ಯಾತೃಗಳು ಬೇರೆ ಅರ್ಥವನ್ನು ಹೇಳುವರೆಂಬುದು ನಿಜ. ಆದರೆ ಅನ್ಯರ ಧರ್ಮಗ್ರಂಥವನ್ನು ವಾಕ್ಯವಾಕ್ಯವಾಗಿ ವಿಚಾರಿಸುವುದಕ್ಕೆ ತಕ್ಕ ಗ್ರಂಥವೆಂದು ಭಾವಿಸಿದ್ದೇ ಇಲ್ಲಿ ಗಮನಿಸಬೇಕಾದ ಅಂಶ.

ಆದರೆ ಇಲ್ಲಿಯೇ ಕೃತಿಯ ದೋಷವೂ ಇದೆ. ಕುರಾನಿನಲ್ಲಿ ದೇವರು ನಾವು ಎಂದು ಬಹುವಚನದಲ್ಲಿ ಮಾತಾಡುವುದರಿಂದಲೂ, ಕೆಲವು ಅಧ್ಯಾಯಗಳ ಆದಿಯಲ್ಲಿ ಮೂರು ಮೂರು ಅಕ್ಷರಗಳಿರುವುದರಿಂದಲೂ ತ್ರಿತ್ವವು ಸೂಚಿತವಾಗುತ್ತದೆಂದು ತಿಮೊಥೆಯನು ಸಾಧಿಸಹೊರಡುತ್ತಾನೆ. ಬಹುವಚನವು ಮಹಿಮೆಯನ್ನು ತೋರುವ ರಾಜರೀತಿಯ ನುಡಿಯೆಂದು ಖಲೀಫನು ಕೊಡುವ ಉತ್ತರವೇ ನಮಗೆ ಯುಕ್ತವಾಗಿ ತೋರುತ್ತದೆ. ಗೌರವಾರ್ಥದ ಬಹುವಚನವು ಸಂಸ್ಕೃತ ಕನ್ನಡಗಳನ್ನು ಬಲ್ಲವರಿಗೆ ಹೊಸದಲ್ಲ. ವಕ್ತೃವಿನ ಅಭಿಪ್ರಾಯವನ್ನು ಬಿಟ್ಟು ಪದಕ್ಕೆ ಬೇರೆ ಅರ್ಥವನ್ನು ಕಲ್ಪಿಸಿ ಹಿಡಿಯುವುದು ವಾಕ್ಛಲವೆಂದು ಶಾಸ್ತ್ರದಲ್ಲಿ ನಿಂದಿತವಾಗಿದೆ. ಈ ಎಡೆಯಲ್ಲಿ ವಾದವು ಜಲ್ಪಕ್ಕೆ ಜಾರಿದೆಯೆಂದು ನಿಷ್ಪಕ್ಷಪಾತವಾಗಿ ಹೇಳಲೇಬೇಕು.

ಮತ್ತೊಂದು ದೋಷವು ಇದಕ್ಕಿಂತ ಗುರುತರವಾದದ್ದು. ಕ್ರೈಸ್ತ ಮುಸಲ್ಮಾನರಿಬ್ಬರಿಗೂ ಸಮ್ಮತಿಯನ್ನು ತರಲು ತಿಮೊಥೆಯನು ಯೆಹೂದ್ಯರನ್ನು ಹಳಿಯುವ ಮಾರ್ಗವನ್ನೂ ಹಿಡಿಯುತ್ತಾನೆ. ಅರಬ್ಬರು ವಿಗ್ರಹಾರಾಧನೆಯನ್ನು ಬಿಟ್ಟದ್ದರಿಂದ ದೇವರಲ್ಲಿಯೂ ಜನರಲ್ಲಿಯೂ ಮಾನ್ಯರಾದರು, ಯೆಹೂದ್ಯರಾದರೋ ತಿರಸ್ಕೃತರಾದರು ಎಂಬಂತೆ ಅವನ ಮಾತು ಹರಿಯುತ್ತದೆ. ಇಬ್ಬರ ಸ್ನೇಹವನ್ನು ಮೂರನೆಯವನ ಅವಮಾನದ ಮೇಲೆ ಕಟ್ಟಿದರೆ ಆ ಸ್ನೇಹಕ್ಕೆ ಅಸ್ತಿಭಾರ ದೃಢವಾದದ್ದಲ್ಲ. ಗೋಷ್ಠಿಯಲ್ಲಿ ಇಲ್ಲದವನು ತನ್ನ ಪಕ್ಷವನ್ನು ಹೇಳಿಕೊಳ್ಳಲಾರನು. ಹೇಳಿಕೊಳ್ಳಲಾರದವನನ್ನು ದೂಷಿಸುವಲ್ಲಿ ವಾದಧರ್ಮವಿಲ್ಲ. ಕಾಲದ ಅಭಿಪ್ರಾಯವೇ ಹಾಗಿತ್ತೆಂದು ಕಾರಣ ಹೇಳಬಹುದು. ಕಾರಣ ಹೇಳಿದ ಮಾತ್ರಕ್ಕೆ ದೋಷವು ಗುಣವಾಗದು. ಈ ಗ್ರಂಥವನ್ನು ಮತಸೌಹಾರ್ದದ ಮೇಲ್ಪಂಕ್ತಿಯೆಂದು ಪಾಠ ಹೇಳುವವರು ಈ ಭಾಗವನ್ನು ಮರೆಮಾಡದೆ ಓದಿಸುವುದು ಒಳ್ಳೆಯದು.

೫

ಇನ್ನು ಪ್ರವಾದಿಯ ಪ್ರಸಂಗ. ಕೃತಿಯ ಕೀರ್ತಿಗೂ ವಿವಾದಕ್ಕೂ ಇದೇ ಮುಖ್ಯ ಕಾರಣ. ಮಹಮ್ಮದರನ್ನು ಕುರಿತು ಏನು ಹೇಳುತ್ತೀಯೆಂದು ಖಲೀಫನು ನೇರವಾಗಿ ಕೇಳುತ್ತಾನೆ. ಆಚಾರ್ಯನು ಕೊಡುವ ಉತ್ತರದ ಸಾರಾಂಶವಿಷ್ಟು: ಅವರು ವಿವೇಕಿಗಳೆಲ್ಲರ ಪ್ರಶಂಸೆಗೂ ಅರ್ಹರು, ಪ್ರವಾದಿಗಳ ದಾರಿಯಲ್ಲಿ ನಡೆದವರು, ಏಕೆಂದರೆ ತಮ್ಮ ಜನರನ್ನು ದುಷ್ಕರ್ಮದಿಂದ ಬಿಡಿಸಿ ಸತ್ಕರ್ಮಕ್ಕೆ ಹಚ್ಚಿದರು, ವಿಗ್ರಹಾರಾಧನೆಯಿಂದ ತಿರುಗಿಸಿ ಒಬ್ಬನೇ ದೇವರನ್ನು ಬೋಧಿಸಿದರು. ಹಾಗಾದರೆ ಅವರ ಮಾತನ್ನು ನೀನೂ ಅಂಗೀಕರಿಸಬೇಕಲ್ಲವೇ ಎಂದು ಖಲೀಫನು ಪಟ್ಟುಹಿಡಿಯುತ್ತಾನೆ. ದೇವರು ಒಬ್ಬನೇ ಎಂಬ ಮಾತಾದರೆ ಅದನ್ನು ನಾನು ನಮ್ಮ ಧರ್ಮಗ್ರಂಥಗಳಿಂದಲೇ ಕಲಿತಿದ್ದೇನೆ, ಅದರಲ್ಲಿಯೇ ನಿಂತಿರುವೆನೆಂದು ಆಚಾರ್ಯನ ಪ್ರತ್ಯುತ್ತರ. ಸುವಾರ್ತೆಯಲ್ಲಿ ಹೇಳಿದ ಪರಾಕ್ಲೀತನು ಮಹಮ್ಮದರೇ ಎಂಬುದನ್ನೂ, ಯೆಶಾಯನು ಕಂಡ ಒಂಟೆಯ ಸವಾರನು ಅವರೇ ಎಂಬುದನ್ನೂ ಅವನು ಸ್ಪಷ್ಟವಾಗಿ ಅಲ್ಲಗಳೆಯುತ್ತಾನೆ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಇದು ರಾಜನಿಗೆ ಹೆದರಿ ಆಡಿದ ಮುಖಸ್ತುತಿಯೆಂಬುದು ಒಂದು. ಪ್ರವಾದಿಗಳ ದಾರಿಯಲ್ಲಿ ನಡೆದವರೆಂದು ಹೇಳಿ ಪ್ರವಾದಿಯೆಂದು ಹೇಳದಿರುವುದು ಮಾತಿನ ಚಾತುರ್ಯವೆಂಬುದು ಇನ್ನೊಂದು.

ಮೊದಲನೆಯದು ಉಪೇಕ್ಷಿಸತಕ್ಕದ್ದಲ್ಲ. ಪಾಲೀಭಾಷೆಯ ಮಿಲಿಂದಪಞ್ಹದಲ್ಲಿ ನಾಗಸೇನನು ಯವನರಾಜನೊಡನೆ ವಾದಕ್ಕೆ ತೊಡಗುವ ಮುನ್ನ, ನೀನು ಪಂಡಿತನಂತೆ ವಾದಿಸುವುದಾದರೆ ಆಗಲಿ, ಅರಸನಂತೆ ವಾದಿಸುವುದಾದರೆ ಒಲ್ಲೆನೆಂದು ನಿಯಮ ಮಾಡಿಕೊಳ್ಳುತ್ತಾನೆ. ತನ್ನ ಮಾತನ್ನು ಒಪ್ಪದವನನ್ನು ಪಂಡಿತನು ದಂಡಿಸುವುದಿಲ್ಲ, ಅರಸನು ದಂಡಿಸುತ್ತಾನೆ ಎಂಬುದು ಅದರ ತಾತ್ಪರ್ಯ. ತಿಮೊಥೆಯನಿಗೆ ಇಂತಹ ನಿಯಮವನ್ನು ಹಾಕುವ ಸ್ವಾತಂತ್ರ್ಯವಿರಲಿಲ್ಲ. ಮಹದಿಯು ಮಾನೀಮತದವರನ್ನು ಹುಡುಕಿ ಹಿಂಸಿಸಿದವನು; ಅಲೆಪ್ಪೊ ಪ್ರಾಂತದ ತನೂಖ್ ಎಂಬ ಕ್ರೈಸ್ತ ಅರಬ್ಬೀ ಕುಲದವರನ್ನು ಬಲಾತ್ಕಾರದಿಂದ ಮತಾಂತರಗೊಳಿಸಿದನೆಂದು ಸಿರಿಯಾಕ್ ಇತಿಹಾಸಕಾರರು ಬರೆದಿದ್ದಾರೆ. ಇಂತಹವನ ಎದುರಿಗೆ ನಿಂತವನ ಮಾತಿನಲ್ಲಿ ಎಚ್ಚರಿಕೆ ಇರಲಿಲ್ಲವೆಂದರೆ ಯಾರೂ ನಂಬರು.

ಆದರೆ ಭಯದಿಂದ ಹುಟ್ಟಿದ ಸ್ತುತಿಯು ಭಯವಿಲ್ಲದ ಕಡೆ ಉಳಿಯುವುದಿಲ್ಲ. ಈ ಗ್ರಂಥವು ಖಲೀಫನಿಗೆ ಒಪ್ಪಿಸಿದ ಬಿನ್ನವತ್ತಳೆಯಲ್ಲ. ಸಿರಿಯಾಕ್ ಭಾಷೆಯಲ್ಲಿ, ಸ್ವಮತೀಯನಿಗೆ, ಸ್ವಮತೀಯರ ಉಪಯೋಗಕ್ಕೆಂದು ಬರೆದ ಪತ್ರ. ಆಸ್ಥಾನದಲ್ಲಿ ಆಡಿದ ಮಾತನ್ನು ಮಠದಲ್ಲಿ ಹಿಂತೆಗೆದುಕೊಳ್ಳಲು ಅವನಿಗೆ ಅಡ್ಡಿಯೇನಿತ್ತು? ಅವನು ಹಿಂತೆಗೆದುಕೊಳ್ಳಲಿಲ್ಲ, ಕಾರಣಗಳೊಡನೆ ವಿಸ್ತರಿಸಿ, ಇದು ಹೇಳತಕ್ಕ ಮಾತೆಂದು ತನ್ನವರಿಗೆ ಕಲಿಸಿದನು. ಹಾಗೆಯೇ, ಮುಖಸ್ತುತಿಯೇ ಉದ್ದೇಶವಾಗಿದ್ದರೆ ಪರಾಕ್ಲೀತನ ವಿಷಯದಲ್ಲಿಯೂ ಒಂಟೆಯ ಸವಾರನ ವಿಷಯದಲ್ಲಿಯೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿ ಜಾರಬಹುದಾಗಿತ್ತು. ನಿಷೇಧಿಸಬೇಕಾದಲ್ಲಿ ನಿಷೇಧಿಸಿದವನ ಪ್ರಶಂಸೆಗೆ ಬೆಲೆಯುಂಟು.

ಎರಡನೆಯ ಆಕ್ಷೇಪಕ್ಕೂ ಇದರಲ್ಲಿಯೇ ಸಮಾಧಾನವಿದೆ. ಪ್ರವಾದಿಯೆಂಬ ಪದಕ್ಕೆ ತಿಮೊಥೆಯನ ಶಾಸ್ತ್ರದಲ್ಲಿ ನಿಯತವಾದ ಅರ್ಥವುಂಟು. ಅದನ್ನು ಪ್ರಯೋಗಿಸಿದ್ದರೆ ಸ್ವಸಿದ್ಧಾಂತವಿರೋಧ; ಗುಣವನ್ನು ಕಂಡೂ ಹೇಳದಿದ್ದರೆ ಸತ್ಯವಿರೋಧ. ಇವೆರಡರ ನಡುವೆ ಇಕ್ಕಟ್ಟಾದ ದಾರಿಯಲ್ಲಿ ನಡೆದ ಮಾತಾದ್ದರಿಂದಲೇ ಅದು ಅಳೆದು ತೂಗಿದಂತೆ ಕಾಣುತ್ತದೆ. ಈ ತೂಕದ ಬೆಲೆಯನ್ನು ತಿಳಿಯಲು ಒಂದು ಸಂಗತಿಯನ್ನು ನೆನೆಯಬಹುದು. ರೋಮನ್ ಕ್ಯಾಥೊಲಿಕ್ ಸಭೆಯು ತನ್ನ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, ೧೯೬೫ರ ಅಕ್ಟೋಬರ್ ೨೮ರಂದು ಹೊರಡಿಸಿದ ‘ನೋಸ್ತ್ರಾ ಎತಾತೆ’ ಎಂಬ ಘೋಷಣೆಯಲ್ಲಿ ಮುಸಲ್ಮಾನರನ್ನು ಗೌರವಿಸುವುದಾಗಿ ಸಾರಿತು. ಅದು ಮಹತ್ತ್ವದ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಘೋಷಣೆಯಲ್ಲಿ ಮಹಮ್ಮದರ ಹೆಸರು ಬರುವುದಿಲ್ಲ. ಸುಮಾರು ೧೨೦೦ ವರ್ಷಗಳ ಹಿಂದೆ ತಿಮೊಥೆಯನು ಆ ಹೆಸರನ್ನೆತ್ತಿ ಮಾತಾಡಿದ್ದನು.

೬

ಗ್ರಂಥದ ಅಂತ್ಯಭಾಗದಲ್ಲಿ ಬರುವ ಮುತ್ತಿನ ದೃಷ್ಟಾಂತವು ಸಂವಾದಕ್ಕೆಲ್ಲ ಕಲಶಪ್ರಾಯವಾಗಿದೆ. ನಡುರಾತ್ರಿಯಲ್ಲಿ ಕತ್ತಲೆ ಕವಿದ ಮನೆಯೊಂದರೊಳಗೆ ಬೆಲೆಯುಳ್ಳ ಮುತ್ತೊಂದು ಬಿದ್ದಿದೆ. ಮನೆಯವರೆಲ್ಲರೂ ತಡವಿ ಹುಡುಕುತ್ತಾರೆ. ಒಬ್ಬನಿಗೆ ಮುತ್ತು ಸಿಕ್ಕುತ್ತದೆ. ಮಿಕ್ಕವರಿಗೆ ಗಾಜೋ ಕಲ್ಲೋ ಮಣ್ಣಿನ ಹೆಂಟೆಯೋ ಸಿಕ್ಕುತ್ತದೆ. ಮುತ್ತು ತನ್ನ ಕೈಯಲ್ಲಿದೆಯೆಂದು ಪ್ರತಿಯೊಬ್ಬನೂ ಸಂತೋಷಪಡುತ್ತಾನೆ. ಬೆಳಕು ಹರಿದಾಗ ಯಾರ ಕೈಯಲ್ಲಿ ಏನಿದೆಯೆಂಬುದು ಬಯಲಾಗುತ್ತದೆ. ಇಹಲೋಕವು ಆ ಕತ್ತಲೆ, ಪರಲೋಕವು ಆ ಬೆಳಗು, ಸತ್ಯಧರ್ಮವು ಆ ಮುತ್ತು.

ನಮ್ಮವರಿಗೆ ಇದನ್ನು ಕೇಳಿದೊಡನೆ ಅಂಧಗಜನ್ಯಾಯವು ನೆನಪಿಗೆ ಬರುವುದು ಸಹಜ. ಆದರೆ ಎರಡಕ್ಕೂ ಅಂತರವಿದೆ. ಆನೆಯನ್ನು ಮುಟ್ಟಿದ ಕುರುಡರಲ್ಲಿ ಪ್ರತಿಯೊಬ್ಬನಿಗೂ ಆನೆಯ ಒಂದು ಅಂಶ ದೊರೆಯಿತು. ಎಲ್ಲರ ಮಾತನ್ನೂ ಕೂಡಿಸಿದರೆ ಆನೆಯಾಗುತ್ತದೆ. ಮುತ್ತಿನ ಕಥೆಯಲ್ಲಿ ಕೂಡಿಸುವುದಕ್ಕೆ ಎಡೆಯಿಲ್ಲ. ಗಾಜೂ ಕಲ್ಲೂ ಸೇರಿ ಮುತ್ತಾಗದು. ಇದಕ್ಕೆ ಸಮೀಪವಾದದ್ದು ಶುಕ್ತಿರಜತದ ದೃಷ್ಟಾಂತ. ಮಬ್ಬಿನಲ್ಲಿ ಸಿಂಪನ್ನು ಕಂಡು ಬೆಳ್ಳಿಯೆಂದು ತಿಳಿದವನು ಸುಳ್ಳುಗಾರನಲ್ಲ, ಭ್ರಾಂತ. ಬಾಧಕಜ್ಞಾನವು ಹುಟ್ಟುವವರೆಗೂ ಅವನ ಬೆಳ್ಳಿಗೂ ನಿಜವಾದ ಬೆಳ್ಳಿಗೂ ಅವನ ಮನಸ್ಸಿನಲ್ಲಿ ಭೇದವಿಲ್ಲ. ತಿಮೊಥೆಯನು ಆ ಬಾಧಕಜ್ಞಾನವನ್ನು ಪರಲೋಕಕ್ಕೆ ಮುಂದೂಡಿದ್ದಾನೆ. ಇದರಿಂದ ಫಲಿಸುವುದೇನೆಂದರೆ, ಸತ್ಯವು ಒಂದೇ ಎಂಬ ನಿಷ್ಠೆಯನ್ನು ಬಿಡದೆಯೇ, ಎದುರಾಳಿಯನ್ನು ವಂಚಕನೆಂದೋ ದುರಾಗ್ರಹಿಯೆಂದೋ ಕರೆಯುವ ಹಕ್ಕನ್ನು ಅವನು ಬಿಟ್ಟುಕೊಟ್ಟಂತಾಯಿತು.

ಹಾಗಾದರೆ ಬೆಳಗಾಗುವವರೆಗೂ ಏನೂ ತಿಳಿಯದೇ ಎಂಬ ಪ್ರಶ್ನೆಗೆ, ಸತ್ಕರ್ಮಗಳಿಂದಲೂ ಅದ್ಭುತಗಳಿಂದಲೂ ಒಂದಿಷ್ಟು ತಿಳಿಯಬಹುದೆಂದು ಉತ್ತರ ಬರುತ್ತದೆ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಆಚರಣೆಯಿಂದ ಧರ್ಮವನ್ನು ಊಹಿಸಬೇಕು. ಆದರೆ ಅನುಮಾನವು ಪ್ರತ್ಯಕ್ಷವಲ್ಲ.

ಆಮೇಲೆ ಬರುವ ಕೊನೆಯ ಎರಡು ಮಾತುಗಳಲ್ಲಿಯೇ ಕೃತಿಯ ಜೀವಾಳವಿದೆ. ಮುತ್ತು ನಮ್ಮ ಕೈಯಲ್ಲಿದೆಯೆಂದು ನಾವು ದೇವರಲ್ಲಿ ಭರವಸೆಯಿಟ್ಟಿದ್ದೇವೆಂದು ಖಲೀಫನು ಹೇಳುತ್ತಾನೆ. ಹಾಗೆಯೇ ಆಗಲಿ, ಅದರಲ್ಲಿ ನಾವೂ ನಿಮ್ಮೊಡನೆ ಪಾಲುಗೊಂಡು ಅದರ ಬೆಳಕಿನಲ್ಲಿ ಸಂತೋಷಪಡುವಂತೆ ದೇವರು ಅನುಗ್ರಹಿಸಲಿ ಎಂದು ಆಚಾರ್ಯನು ಹೇಳುತ್ತಾನೆ. ಇದು ಸೋಲಿನ ಒಪ್ಪಿಗೆಯೇ? ವೈಯಾಕರಣನ ಕಣ್ಣಿನಿಂದ ನೋಡಬೇಕು. ಖಲೀಫನ ಮಾತು ಭರವಸೆಯ ಮಾತು. ಆಚಾರ್ಯನ ಮಾತು ಆಶೀರರ್ಥದ್ದು. ವಿಧಾಯಕವಾಕ್ಯಕ್ಕೆ ಸತ್ಯಾಸತ್ಯಗಳುಂಟು, ಹಾರೈಕೆಗೆ ಅವಿಲ್ಲ. ನಿನಗೆ ಮುತ್ತು ದೊರೆಯಲಿ ಎಂದವನು ನಿನ್ನ ಕೈಯಲ್ಲಿರುವುದು ಮುತ್ತೇ ಎಂದು ಹೇಳಿದಂತಾಗಲಿಲ್ಲ, ಅಲ್ಲವೆಂದೂ ಹೇಳಿದಂತಾಗಲಿಲ್ಲ. ಸಿದ್ಧಾಂತವು ಅಲುಗದೆ ನಿಂತಿದೆ; ಮನಸ್ಸಾದರೋ ಎದುರಾಳಿಯ ಹಿತವನ್ನು ಬಯಸಿ ಆ ಕಡೆಗೆ ಬಾಗಿದೆ. ಭೇದವನ್ನು ಅಳಿಸದ ಗೌರವವೆಂದು ಮೊದಲು ಸೂಚಿಸಿದ ಮೂರನೆಯ ಮಾರ್ಗವು ಇದೇ.

ಜರ್ಮನ್ ಕವಿ ಲೆಸ್ಸಿಂಗನ ‘ಜ್ಞಾನಿ ನಾಥಾನ್’ ಎಂಬ ೧೭೭೯ರ ನಾಟಕದೊಡನೆ ಇದನ್ನು ಹೋಲಿಸಬಹುದು. ಅಲ್ಲಿ ಸುಲ್ತಾನ ಸಲಾದೀನನ ಪ್ರಶ್ನೆಗೆ ಯೆಹೂದ್ಯನಾದ ನಾಥಾನನು ಮೂರು ಉಂಗುರಗಳ ಕಥೆಯನ್ನು ಹೇಳುತ್ತಾನೆ. ತಂದೆಯು ನಿಜವಾದ ಉಂಗುರಕ್ಕೆ ಸರಿಸಮನಾದ ಎರಡನ್ನು ಮಾಡಿಸಿ ಮೂವರು ಮಕ್ಕಳಿಗೂ ಒಂದೊಂದನ್ನು ಕೊಟ್ಟನೆಂಬುದು ಆ ಕಥೆ. ಬೊಕ್ಕಾಚಿಯೊ ಅದನ್ನು ೧೪ನೆಯ ಶತಮಾನದಲ್ಲಿಯೇ ಬರೆದಿದ್ದನು. ನಾಟಕದ ಕೊನೆಗೆ ಕ್ರೈಸ್ತ ಯೋಧನು ಸಲಾದೀನನ ತಮ್ಮನ ಮಗನೆಂದು ತಿಳಿದುಬಂದು ಎಲ್ಲರೂ ಆಲಿಂಗಿಸಿಕೊಳ್ಳುತ್ತಾರೆ. ಕೃತಿಯು ಉದಾರವಾದದ್ದು, ಕಾವ್ಯಗುಣದಲ್ಲಿ ಪತ್ರಕ್ಕಿಂತ ಎಷ್ಟೋ ಮೇಲಾದದ್ದು. ಆದರೆ ವಿರೋಧವು ಅಲ್ಲಿ ರಕ್ತಸಂಬಂಧದ ಪ್ರತ್ಯಭಿಜ್ಞೆಯಿಂದ ಶಮನವಾಗುತ್ತದೆ. ಅನ್ಯನೆಂದು ತಿಳಿದಿದ್ದವನು ನಮ್ಮವನೇ ಆಗಿದ್ದನೆಂದರೆ ಪ್ರೀತಿಸುವುದು ಕಷ್ಟವಲ್ಲ. ತಿಮೊಥೆಯ ಮಹದಿಯರು ಕೊನೆಯವರೆಗೂ ಅನ್ಯರಾಗಿಯೇ ಉಳಿದು ಒಬ್ಬರಿಗೊಬ್ಬರು ಶುಭವನ್ನು ಕೋರಿದರು. ಇದು ಕಷ್ಟತರವಾದದ್ದು, ಲೋಕದಲ್ಲಿ ನಮಗೆ ಒದಗುವ ಸ್ಥಿತಿಯೂ ಇದೇ.

೭

ಈ ಗೌರವವು ಮಾತಿನಲ್ಲಿಯೇ ಮುಗಿಯಿತೋ ಕಾರ್ಯದಲ್ಲಿಯೂ ಫಲಿಸಿತೋ ಎಂದು ಕೇಳುವುದು ಉಚಿತವಾಗಿದೆ. ತಿಮೊಥೆಯನ ಮತ್ತೊಂದು ಪತ್ರದಿಂದ ತಿಳಿದುಬರುವ ಸಂಗತಿಯಿದು: ಅರಿಸ್ಟಾಟಲನ ‘ತೋಪಿಕಾ’ ಎಂಬ ಗ್ರಂಥವನ್ನು ಅರಬ್ಬೀ ಭಾಷೆಗೆ ತರಬೇಕೆಂದು ಖಲೀಫನು ಅಪ್ಪಣೆಮಾಡಿದನು, ತಿಮೊಥೆಯನು ಅಬೂ ನೂಹ್ ಎಂಬ ಕ್ರೈಸ್ತ ಅಧಿಕಾರಿಯ ನೆರವಿನಿಂದ ಅದನ್ನು ನೆರವೇರಿಸಿದನು. ತೋಪಿಕಾ ಎಂಬುದು ಪ್ರಶ್ನೋತ್ತರರೂಪದ ವಾದವನ್ನು ನಡೆಸುವ ವಿಧಾನವನ್ನು ಬೋಧಿಸುವ ಶಾಸ್ತ್ರ. ವಾದಿಸಿದ ಇಬ್ಬರೂ ಸೇರಿ ವಾದಶಾಸ್ತ್ರವೊಂದನ್ನು ಮೂರನೆಯ ಜನಾಂಗದಿಂದ ತಂದುಕೊಂಡರು. ಎದುರಾಳಿಯ ಕೈಗೆ ಕತ್ತಿಯ ವರಸೆಯನ್ನು ಕಲಿಸುವ ಪುಸ್ತಕವನ್ನು ತಾನೇ ಅನುವಾದಿಸಿ ಕೊಟ್ಟವನ ವಿಶ್ವಾಸವು ಬರಿಯ ಬಾಯುಪಚಾರವಲ್ಲ.

ಮುಂದಿನ ಶತಮಾನಗಳಲ್ಲಿ ಇದು ಗುರುಶಿಷ್ಯಪರಂಪರೆಯಾಗಿ ಬೆಳೆಯಿತು. ಮುಸಲ್ಮಾನ ದಾರ್ಶನಿಕರಲ್ಲಿ ಅಗ್ರಗಣ್ಯನಾದ ಫಾರಾಬಿಯು ಯೂಹನ್ನಾ ಇಬ್ನ್ ಹೈಲಾನ್ ಎಂಬ ಕ್ರೈಸ್ತನಲ್ಲಿ ತರ್ಕವನ್ನು ಓದಿದನು. ಫಾರಾಬಿಯಲ್ಲಿ ಯಹ್ಯಾ ಇಬ್ನ್ ಅದೀ ಎಂಬ ಕ್ರೈಸ್ತನು ಓದಿದನು. ೯೭೪ರಲ್ಲಿ ಮೃತನಾದ ಆ ಯಹ್ಯಾನಲ್ಲಿ ಅಬೂ ಸುಲೈಮಾನ್ ಸಿಜಿಸ್ತಾನಿಯೆಂಬ ಮುಸಲ್ಮಾನನು ಓದಿದನು. ಗುರುವೆಂದು ಅಂಗೀಕರಿಸುವುದಕ್ಕಿಂತ ಹೆಚ್ಚಿನ ಗೌರವವು ವಿದ್ವಲ್ಲೋಕದಲ್ಲಿ ಇನ್ನಾವುದಿದೆ? ಇವರಲ್ಲಿ ಯಾರೂ ಗುರುವಿಗಾಗಿ ಮತವನ್ನು ಬಿಡಲಿಲ್ಲ, ಮತಕ್ಕಾಗಿ ಗುರುವನ್ನೂ ಬಿಡಲಿಲ್ಲ.

ತಿಮೊಥೆಯನ ಸಭೆಯು ಸಮುದ್ರ ದಾಟಿ ನಮ್ಮ ನೆರೆಯ ಕೇರಳದ ತೀರದಲ್ಲಿಯೂ ನೆಲೆಗೊಂಡಿತ್ತು. ಅವನು ಸತ್ತ ೨೬ ವರ್ಷಗಳ ಮೇಲೆ, ೮೪೯ರಲ್ಲಿ, ವೇಣಾಡಿನ ಅಯ್ಯನಡಿಗಳು ಕೊಲ್ಲದ ತರಿಸಾಪ್ಪಳ್ಳಿ ಎಂಬ ಕ್ರೈಸ್ತ ದೇವಾಲಯಕ್ಕೆ ದತ್ತಿಗಳನ್ನು ಬಿಟ್ಟ ತಾಮ್ರಶಾಸನವು ಪುರಾತತ್ತ್ವಜ್ಞರಿಗೆ ಸುಪರಿಚಿತವಾಗಿದೆ. ಅದರ ಸಾಕ್ಷಿಗಳ ಪಟ್ಟಿಯಲ್ಲಿ ಕೂಫೀ ಅರಬ್ಬೀ ಲಿಪಿಯ ರುಜುಗಳಿವೆ. ಪಹ್ಲವೀ ಲಿಪಿಯವೂ ಇವೆ. ಹೀಬ್ರೂ ಲಿಪಿಯಲ್ಲಿ ಬರೆದ ಪಾರಸೀ ಭಾಷೆಯವೂ ಇವೆ. ಕ್ರೈಸ್ತರ ಗುಡಿಯ ಆಸ್ತಿಗೆ ಮುಸಲ್ಮಾನ ವರ್ತಕರ ಸಾಕ್ಷಿ. ಇದರಲ್ಲಿ ತತ್ತ್ವವಿಚಾರವಿಲ್ಲ, ವ್ಯವಹಾರವಿದೆ. ಆದರೆ ಒಬ್ಬರ ಹಕ್ಕಿಗೆ ಇನ್ನೊಬ್ಬರು ಹೊಣೆಯಾಗಿ ನಿಲ್ಲುವುದು ಪರಸ್ಪರ ವಿಶ್ವಾಸದ ದೃಢವಾದ ಗುರುತು. ಬಾಗ್ದಾದಿನ ಗೋಷ್ಠಿಯಲ್ಲಿ ಯೆಹೂದ್ಯನಿಗೆ ಇಲ್ಲದ ಸ್ಥಾನವು ಈ ತಾಮ್ರಪತ್ರದಲ್ಲಿ ದೊರೆತಿರುವುದನ್ನೂ ಸಹೃದಯರು ಗಮನಿಸಬೇಕು.

ಒಟ್ಟಿನಲ್ಲಿ ನಿಷ್ಕರ್ಷೆಯಿಷ್ಟು. ತಿಮೊಥೆಯ-ಮಹದೀ ಸಂವಾದವು ದೋಷರಹಿತವಾದ ಕೃತಿಯಲ್ಲ. ಕೆಲವೆಡೆ ಛಲವಿದೆ, ಒಂದೆಡೆ ಮೂರನೆಯವರಿಗೆ ಅನ್ಯಾಯವಿದೆ, ಆಳುವವನಿಗೂ ಆಳಿಸಿಕೊಳ್ಳುವವನಿಗೂ ಇರುವ ಅಂತರವು ಎಲ್ಲ ಕಡೆಯೂ ನೆರಳಿನಂತೆ ಹಿಂಬಾಲಿಸುತ್ತದೆ. ಇಷ್ಟಿದ್ದರೂ ಪೂರ್ವಪಕ್ಷವನ್ನು ಬಲವಾಗಿ ನಿಲ್ಲಿಸಿದ್ದರಿಂದ, ಪರಗ್ರಂಥವನ್ನು ಓದಿ ವಿಚಾರಿಸಿದ್ದರಿಂದ, ಗುಣವನ್ನು ಪರೋಕ್ಷದಲ್ಲಿಯೂ ಹೇಳಿದ್ದರಿಂದ, ಅಂತಿಮನಿರ್ಣಯವನ್ನು ತನ್ನ ಕೈಗೆ ತೆಗೆದುಕೊಳ್ಳದೆ ಹಾರೈಕೆಯಲ್ಲಿ ಮುಗಿಸಿದ್ದರಿಂದ, ಇದು ವಾದವೆಂಬ ಹೆಸರಿಗೆ ಅರ್ಹವಾಗಿದೆ. ೨೦೦೭ರ ಅಕ್ಟೋಬರಿನಲ್ಲಿ ೧೩೮ ಮಂದಿ ಮುಸಲ್ಮಾನ ವಿದ್ವಾಂಸರು ಕ್ರೈಸ್ತಾಚಾರ್ಯರಿಗೆ ಬರೆದ ಬಹಿರಂಗಪತ್ರವು ದೇವರ ಪ್ರೀತಿ, ನೆರೆಯವನ ಪ್ರೀತಿ ಎಂಬೆರಡನ್ನು ಉಭಯರ ಗ್ರಂಥಗಳಿಂದಲೂ ಎತ್ತಿ ತೋರಿಸಿ, ಸಮ್ಮತವಾದ ನೆಲದಿಂದ ಮಾತನ್ನು ಆರಂಭಿಸಿತು. ತಿಮೊಥೆಯನ ಉಪಕ್ರಮದ ಕ್ರಮವೂ ಅದೇ ಆಗಿತ್ತು. ಈ ಸಲ ಮೊದಲು ಮಾತಾಡಿದವರು ಇನ್ನೊಂದು ಕಡೆಯವರು.

ಸಾಹಿತ್ಯವನ್ನು ಬೋಧಿಸುವವರಿಗೆ ಈ ಕೃತಿಯಿಂದ ಒಂದು ಪ್ರಯೋಜನವುಂಟು. ಪೂರ್ವಪಕ್ಷವನ್ನು ಅದನ್ನು ನಂಬಿದವನೇ ಮೆಚ್ಚುವಂತೆ ಹೇಳಿಸುವ ಅಭ್ಯಾಸವನ್ನು ವಿದ್ಯಾರ್ಥಿಗೆ ಮಾಡಿಸಿದರೆ, ಗೌರವವನ್ನು ಕುರಿತು ಅವನಿಗೆ ಬೇರೆ ಉಪದೇಶ ಮಾಡುವ ಅಗತ್ಯವಿರದು. ಬೆಳಕು ಹರಿಯುವ ಮುನ್ನ ಮುತ್ತು ಇಂತಹವನ ಕೈಯಲ್ಲಿದೆಯೆಂದು ತೀರ್ಪು ಕೊಡಲು ಯಾರಿಂದಲೂ ಆಗದು. ಪಕ್ಕದವನು ತಡವುತ್ತಿರುವಾಗ ಅವನ ಕೈಯನ್ನು ತುಳಿಯದಿರುವುದು ಮಾತ್ರ ಎಲ್ಲರಿಂದಲೂ ಆಗುವ ಕೆಲಸ.